ಐದನೇ ವರ್ಷದ ಕಾಡಿಗೆ

ಮೊನ್ನೆ ಮಂಗಳವಾರ ಕಿರಿಯ ಸೊಸೆಯ ಮೇಲೆ ಸುಮ್ಮಸುಮ್ಮನೆ ಕೂಗಾಡಿಬಿಟ್ಟೆ. ಪಾಪ, ಅವಳ ತಪ್ಪೇನೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ಶ್ರಾವಣ. ಮಂಗಳಗೌರಿಯನ್ನು ಕೂಡಿಸಿ, ತಂಬಿಟ್ಟಿನ ದೀಪ ಹಚ್ಚಿ, ಕಥೆ ಓದುತ್ತಾ, ತುಪ್ಪ ಸವರಿದ ಕಬ್ಬಿಣದ ಸಟ್ಟುಗವನ್ನು ದೀಪದ ಮೇಲೆ ಹಿಡಿದಿದ್ದಳು. ಹಾಗೆ ಹಿಡಿದರೆ ಸಟ್ಟುಗಕ್ಕೆ ಮಸಿ ಕಟ್ಟುತ್ತದೆ. ಆ ಮಸಿಯೇ ಗೌರಿಯ ಕಾಡಿಗೆ. ಗಂಡನ ಆಯುಷ್ಯಕ್ಕೆಂದು ಮಾಡುವ ಪೂಜೆ, ಮದುವೆಯಾದ ಮೇಲೆ ಐದು ವರ್ಷ ಬಿಡದೆ ಮಾಡಬೇಕು. ಗಂಡನನ್ನು ಕಳೆದುಕೊಂಡ ನನಗೆ ಅಲ್ಲೇನು ಕೆಲಸ? ಹಿಂದಿನ ಕೋಣೆಯಲ್ಲಿ ಜಪಕ್ಕೆ ಕುಳಿತಿದ್ದೆ. ಆದರೆ ವಾಸನೆ ಹೇಳಿ ಕೇಳಿ ಬರುತ್ತದೆಯೇ? ತುಪ್ಪದ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಜಪಮಣಿ ಜಾರಿಬಿತ್ತು.

"ಏ, ಆ ಬಾಗಲಾ ಹಾಕ! ಮೊದ್ಲು ಹಾಕು ಅಂದೆ!" ಎಂದು ಕಿರುಚಿದೆ.

ಹುಡುಗಿ ಬೆದರಿ ಬಾಗಿಲು ಹಾಕಿದಳು. ಆಮೇಲೆ ಒಲೆಯ ಹತ್ತಿರ ಮುಖ ತಿರುಗಿಸಿಕೊಂಡು ಅತ್ತಳಂತೆ. ಅತ್ತೆಗೆ ತನ್ನ ಮುತ್ತೈದೆತನ ಕಂಡರೆ ಆಗುವುದಿಲ್ಲ ಎಂದುಕೊಂಡಿರಬೇಕು. ಹಾಗಲ್ಲವೇ ತಾಯಿ, ಹಾಗಲ್ಲ. ಬಳ್ಳಾರಿ ಬ್ರೂಸ್‌ಪೇಟೆಯ ಈ ಮನೆಗೆ ಬಂದವರಿಗೆಲ್ಲ ನಿನ್ನ ಮಾವನವರ ಪ್ರಾಮಾಣಿಕತೆಯ ಕಥೆ ಕೇಳಿ ಕೇಳಿ ಸಾಕಾಗಿದೆ. ನೀನೂ ಕೇಳಿದ್ದೀಯ. ಅದರ ಉಳಿದರ್ಧವನ್ನು ನಾನು ಬರೆದಿಡುತ್ತೇನೆ, ಓದು.

ದೊಡ್ಡ ಬರ ಕಳೆದು ಹತ್ತು ಹನ್ನೆರಡು ವರ್ಷಗಳಾಗಿದ್ದವು. ನನಗಾಗ ಹದಿನೆಂಟು. ನಮ್ಮವರು ಬಳ್ಳಾರಿಯ ಕಚೇರಿಯಲ್ಲಿ ಸಣ್ಣ ಮ್ಯಾಜಿಸ್ಟ್ರೇಟರಾಗಿದ್ದರು. ಲಂಚ ಎಂಬ ಮಾತು ಕಿವಿಗೆ ಬಿದ್ದರೂ ಸ್ನಾನ ಮಾಡುವಂಥ ಮನುಷ್ಯ. ಆ ವರ್ಷ ಶ್ರಾವಣ ಹುಟ್ಟುವ ಮೊದಲೇ ಅವರಿಗೊಂದು ವಿಚಾರಣೆ ಒಪ್ಪಿಸಿದರು. ಕುರುಗೋಡಿನ ಪಿಂಜಾರ ಹುಸೇನಪ್ಪನ ಮಗ ಖಾಸೀಂ, ಹಳ್ಳಿ ಹಳ್ಳಿ ತಿರುಗಿ ಹತ್ತಿ ಎಕ್ಕಿ ಗಾದಿ ಹೊಲಿಯುವ ಹುಡುಗ, ಸಿರುಗುಪ್ಪದ ಆಚೆ ಹೊಳೆ ದಂಡೆಯ ಒಂದು ಊರಿನಲ್ಲಿ ಕಾಣೆಯಾಗಿದ್ದ. ಆ ಊರಿನ ಗೌಡರ ಮನೆಯಲ್ಲಿ ಕಳವಾಗಿ, ಗಾದಿ ಹೊಲಿಯಲು ಬಂದಿದ್ದ ಇವನನ್ನು ಠಾಣೆಗೆ ಎಳೆದುಕೊಂಡು ಹೋಗಿದ್ದನ್ನು ನೋಡಿದವರಿದ್ದರು. ಠಾಣೆಯಿಂದ ಹೊರಗೆ ಬಂದದ್ದನ್ನು ನೋಡಿದವರು ಯಾರೂ ಇರಲಿಲ್ಲ. "ಮರುದಿನವೇ ಬಿಟ್ಟೆವು, ಹೊಳೆ ದಾಟಿ ನಿಜಾಮರ ಸೀಮೆಗೆ ಹೋದ" ಎಂದು ಅಲ್ಲಿಯ ಇನ್ಸ್‌ಪೆಕ್ಟರ್ ಬರೆದು ಕೈತೊಳೆದುಕೊಂಡಿದ್ದ. ಹುಸೇನಪ್ಪ ಮಾತ್ರ ಬಳ್ಳಾರಿಯ ದೊರೆಗಳ ಬಂಗಲೆಯ ಮುಂದೆ ಬಿಸಿಲಲ್ಲಿ ಕೂತೇ ಕೂತ. ಆತನ ಕಾಟ ತಡೆಯಲಾರದೆ ವಿಚಾರಣೆಗೆ ಹುಕುಂ ಆಯಿತು. ಠಾಣೆಯ ಊರಿನ ಹೆಸರು ನಾನು ಬರೆಯುವುದಿಲ್ಲ. ಆ ಹೆಸರು ನನ್ನ ಬಾಯಲ್ಲಿ ಬರುವುದೂ ಬೇಡ.

ನಾನ್ಯಾಕೆ ಹೋದೆ ಎನ್ನುತ್ತೀಯಾ? ನಿನ್ನ ಮಾವನವರು ಮಡಿಯಲ್ಲಿ ಮಾಡಿದ್ದು ಬಿಟ್ಟು ಬೇರೆ ಅನ್ನ ಉಣ್ಣುವವರಲ್ಲ. ಅವರು ಕ್ಯಾಂಪು ಹೋದಲ್ಲೆಲ್ಲ ಹಿಂದಿನ ಬಂಡಿಯಲ್ಲಿ ತಪ್ಪಲೆ, ಸೌಟು, ಒರಳುಕಲ್ಲು, ನಾನು. ಸರಕಾರದ ವಿಚಾರಣೆಗೆ ನಾನು ಸೇರಿದ್ದು ಹೀಗೆ, ಸಾರು ಕುದಿಸಲಿಕ್ಕೆ.

ಕುರುಗೋಡಿನಲ್ಲಿ ಒಂದು ದಿನ ನಿಂತು ಹುಸೇನಪ್ಪನ ಹೇಳಿಕೆ ತೆಗೆದುಕೊಂಡರು. ಮುದುಕ ಅಲ್ಲಿಗೆ ಬಿಡಲಿಲ್ಲ. ಹತ್ತಿ ಎಕ್ಕುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಬಂಡಿಯ ಹಿಂದೆಯೇ ಕೆಸರಿನಲ್ಲಿ ನಡೆದು ಬಂದ. ಹೊಳೆ ದಂಡೆಯ ಊರಿನಲ್ಲಿ ನಮಗೊಂದು ಖಾಲಿ ಮನೆ ಬಿಡಿಸಿದ್ದರು. ಆತ ಅದರ ಅಂಗಳದ ಬೇವಿನ ಮರದ ಕೆಳಗೆ ಕೂತ.

"ಸುಮ್ಮನ ಕುಂತ್ರ ತಲಿ ಕೆಡತೈತ್ರಿ ಅವ್ವಾರ. ನಿಮ್ಮ ಗಾದಿ ಇದ್ರ ಕೊಡ್ರಿ, ಎಕ್ಕಿ ಕೊಡ್ತೀನಿ" ಎಂದ.

"ಹುಸೇನಪ್ಪ, ನಿನ್ನ ಮಗ ಹೊಳಿ ಆಚೆ ಇದ್ರೂ ಇರಬಹುದಲ್ಲ?" ಎಂದು ನಾನು ಸಮಾಧಾನದ ಮಾತಾಡಿದೆ.

"ನನ್ನ ಮಗ ಇಲ್ರಿ ತಾಯಿ. ಬಿಲ್ಲು ಬಿಟ್ಟು ಹೋಗೋ ಹುಡುಗ ಅಲ್ಲ ಅವ. ಇದು ಅವನ ಬಿಲ್ಲು, ಗೌಡರ ಕಟ್ಟಿ ಮ್ಯಾಲ ಬಿದ್ದಿತ್ತು. ಎಲ್ಲಿ ಹಾಕ್ಯಾರ ಅಂತ ಹೇಳಿದ್ರ ಸಾಕು. ಒಯ್ದು ಅವರವ್ವನ ಬಾಜೂಕ ಮಣ್ಣು ಮಾಡ್ತೀನಿ. ಅದಕ್ಕ ಬಂದೀನಿ, ಮತ್ತೇನಿಲ್ಲ."

ಮಳೆ ಎಡೆಬಿಡದೆ ಸುರಿಯುತ್ತಿತ್ತು. ತುಂಗಭದ್ರೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಮನೆಯೊಳಗೆ ಸೌದೆ ಹೊತ್ತುತ್ತಿರಲಿಲ್ಲ, ಮಡಿ ಸೀರೆ ಒಣಗುತ್ತಿರಲಿಲ್ಲ, ಚಾವಡಿಯಲ್ಲಿ ವಿಚಾರಣೆಯೂ ಮುಂದೆ ಹೋಗುತ್ತಿರಲಿಲ್ಲ. ಕರೆಸಿದವರೆಲ್ಲ ಕೈಮುಗಿದು "ನಮಗೇನ ಗೊತ್ತಿಲ್ರಿ ಬುದ್ಧಿ" ಎಂದು ಹೋಗುತ್ತಿದ್ದರು. ಬಾಗಿಲ ಹೊರಗೆ ಪೇದೆಗಳು ನಿಂತಿರುತ್ತಿದ್ದರಲ್ಲ, ಇನ್ನೇನು ಹೇಳಿಯಾರು? ಇನ್ಸ್‌ಪೆಕ್ಟರನಂತೂ ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವನು. ಸೌಮ್ಯ ಮುಖ, ಹಣೆಯಲ್ಲಿ ನಾಮ, ತೆಲುಗು ಬೆರೆತ ಮೆತ್ತನೆಯ ಕನ್ನಡ. "ಅಮ್ಮಗಾರೂ, ಹಾಲಿಗೆ, ತರಕಾರಿಗೆ ಏನೂ ತೊಂದರೆ ಇಲ್ಲ ಕದಾ?" ಎನ್ನುವನು. ಅವನು ಕಳಿಸಿದ ಬೆಣ್ಣೆ, ಬದನೆಕಾಯಿ ಎಲ್ಲವನ್ನೂ ನಮ್ಮವರು ವಾಪಸು ಕಳಿಸಿದರು. ಒಂದು ದಿನ ಬರೀ ಬಾಳೆ ಎಲೆಯ ಕಟ್ಟು ಬಂತು. ಅದನ್ನೂ ಕಳಿಸಿ, ನಾವು ಮುತ್ತುಗದ ಎಲೆಯಲ್ಲಿ ಉಂಡೆವು. ನನಗೆ ಗಂಡನ ಮೇಲೆ ಎಷ್ಟು ಅಭಿಮಾನ ಬಂದಿತ್ತು ಅಂದರೆ, ಆ ಹರಕು ಎಲೆಯಿಂದ ಸಾರು ನೆಲಕ್ಕೆ ಹರಿದರೂ ನಗುತ್ತಾ ಒರೆಸಿದೆ.

ಪಕ್ಕದ ಮನೆಯವಳು ಜಾನಕಿ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಒಂದೇ ಬಾವಿ. ಅವಳದೂ ನನ್ನದೇ ವಯಸ್ಸು, ನಮ್ಮ ಜಾತಿಯವರೇ. ಗಂಡ ವೆಂಕೋಬ ಊರ ಕರಣಂ ಹತ್ತಿರ ಬರೆಯುವ ಕೆಲಸದಲ್ಲಿದ್ದನಂತೆ. ಜ್ಯೇಷ್ಠದಲ್ಲಿ ಹೊಳೆಗೆ ಸ್ನಾನಕ್ಕೆ ಹೋದವನು ಸುಳಿಗೆ ಸಿಕ್ಕು ಸತ್ತನೆಂದೂ, ಕೆಂಚನಗುಡ್ಡದ ಹತ್ತಿರ ಹೆಣ ತೇಲಿತೆಂದೂ ಊರೆಲ್ಲ ಹೇಳುತ್ತಿತ್ತು. ಉಬ್ಬಿದ ಹೆಣ, ಮುಖ ಗುರುತು ಸಿಗುವಂತಿರಲಿಲ್ಲ. ಮೈಮೇಲೆ ಗಾಯಗಳಿದ್ದವು, ಹೊಳೆಯ ಕಲ್ಲಿಗೆ ಬಡಿದದ್ದು ಎಂದರು. ಬಿಚ್ಚಬಾರದು ಎಂದು ಪೊಲೀಸರೇ ಚಾಪೆಯಲ್ಲಿ ಸುತ್ತಿ ತಂದಿದ್ದರು. ಜಾನಕಿ ಗಂಡನೆಂದು ಗುರುತು ಹೇಳಿದಳು, ಮೈದುನ ಅಲ್ಲೇ ದಂಡೆಯಲ್ಲಿ ಬೆಂಕಿ ಕೊಟ್ಟ. ಈಗ ಅವಳು ಬರಿಹಣೆ, ಬರಿಗೈ. ಕೂದಲು ಮಾತ್ರ ತೆಗೆಸಿರಲಿಲ್ಲ. "ಹೊಳಿ ಇಳೀಲಿ, ಮಂತ್ರಾಲಯದಾಗ ರಾಯರ ಮುಂದ ಕೊಡ್ತೀನಿ" ಎಂದು ಹಟ ಹಿಡಿದಿದ್ದಳಂತೆ. ಅತ್ತೆ ಮುದುಕಿ ಮಗನ ಹೆಸರು ಹಿಡಿದು ಇಡೀ ದಿನ ಅಳುತ್ತಿದ್ದಳು. ಅದನ್ನು ಕೇಳುತ್ತಾ ಜಾನಕಿ ತಲೆ ಬಗ್ಗಿಸಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಮಾತಾಡಿಸಿದರೆ ನಾಲ್ಕು ಮಾತು, ಅಷ್ಟೇ.

ಶ್ರಾವಣ ಬಂತು. ನನಗೆ ಅದು ಮಂಗಳಗೌರಿಯ ಐದನೆಯ ವರ್ಷ. ಕ್ಯಾಂಪಿನಲ್ಲೇ ಪೂಜೆ ಮಾಡಿದೆ. ಎರಡನೆಯ ಮಂಗಳವಾರ ಪೂಜೆ ಮುಗಿಸಿ, ಆಕಳಿಗೆ ಪ್ರಸಾದ ಕೊಡೋಣವೆಂದು ಜಾನಕಿಯ ಮನೆಯ ಕೊಟ್ಟಿಗೆಗೆ ಹೋದೆ. ಒಳಗೆ ಕಾಲಿಟ್ಟರೆ ತುಪ್ಪದ ಮಸಿಯ ವಾಸನೆ. ನನ್ನ ಕೈಯದೇ ಇರಬೇಕೆಂದು ಕೈ ಮೂಸಿ ನೋಡಿಕೊಂಡೆ. ಕೈ ತೊಳೆದಿದ್ದೆ, ವಾಸನೆ ಅಲ್ಲಿಯದು. ಗೋದಲಿಯಲ್ಲಿ ಆಕಳು ಏನೋ ನೆಕ್ಕುತ್ತಿತ್ತು. ಬಗ್ಗಿ ನೋಡಿದರೆ ತಂಬಿಟ್ಟಿನ ದೀಪಗಳು, ಬತ್ತಿ ಉರಿದ ಜಾಗ ಇನ್ನೂ ಕಪ್ಪಗಿತ್ತು. ಹುಲ್ಲಿನ ಸಂದಿಯಲ್ಲಿ ಮಸಿ ಹಿಡಿದ ಸಟ್ಟುಗ.

ಆ ಮನೆಯಲ್ಲಿದ್ದವರು ಇಬ್ಬರೇ ಹೆಂಗಸರು, ಮುದುಕಿ ಮತ್ತು ಜಾನಕಿ. ಇಬ್ಬರೂ ವಿಧವೆಯರು. ವಿಧವೆಯ ಮನೆಯಲ್ಲಿ ಮಂಗಳಗೌರಿ ಯಾರಿಗಾಗಿ?

ಅಷ್ಟರಲ್ಲಿ ಜಾನಕಿ ಕೊಡ ಹೊತ್ತು ಬಂದಳು. ನಾನು ಅವಳ ಕಣ್ಣು ನೋಡಿದೆ. ಕಾಡಿಗೆ ಎಷ್ಟು ತೊಳೆದರೂ ರೆಪ್ಪೆಯ ಬುಡದಲ್ಲಿ ಉಳಿಯುತ್ತದೆ. ನಾವು ಹೆಂಗಸರಿಗೆ ಗೊತ್ತಿಲ್ಲವೇ?

"ಜಾನಕಿ, ಇನ್ನೊಮ್ಮೆ ಕಣ್ಣು ತೊಳಕೋ. ನಿಮ್ಮ ಅತ್ತಿ ನೋಡಿಗೀಡ್ಯಾರು" ಎಂದೆ.

ಅವಳ ಕೈಯಿಂದ ಕೊಡ ಬಿತ್ತು. ಬಗ್ಗಿ ನನ್ನ ಕಾಲು ಹಿಡಿದುಕೊಂಡಳು. "ನಾಕು ವರ್ಷ ಮಾಡೀನಕ್ಕ. ಐದನೇದ್ದು ಬಿಟ್ಟು, ಅವರಿಗೆ ಏನರ ಆದ್ರ? ಬಿಡ್ಲಿಕ್ಕೆ ಮನಸ್ಸು ಬರಲಿಲ್ಲ. ಜೀವಂತ ಇದ್ದವರಿಗೆ ಹೆಂಗ ಬಿಡ್ಲಿ?"

"ಜೀವಂತ ಇದ್ದಾರ?"

"ಇದ್ದಾರ. ಹೊಳಿ ಆಚೆ, ಸೋದರತ್ತಿ ಮನ್ಯಾಗ."

ಆಮೇಲೆ ಎಲ್ಲ ಹೊರಗೆ ಬಂತು. ವೆಂಕೋಬ ಹಣುಮಪ್ಪನ ಗುಡಿಯ ಬೆಳ್ಳಿ ಕವಚವನ್ನು ಒತ್ತೆ ಇಟ್ಟು ಸಿಕ್ಕಿಬಿದ್ದಿದ್ದ. ಇನ್ಸ್‌ಪೆಕ್ಟರ್ ಅದನ್ನು ಯಾರಿಗೂ ಹೇಳದೆ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ. ಜ್ಯೇಷ್ಠದಲ್ಲಿ ಠಾಣೆಯೊಳಗೆ ಒಬ್ಬ ಹುಡುಗ ಏಟು ತಾಳಲಾರದೆ ಸತ್ತ. ಹೊಳೆಗೆ ಎಸೆದರು. ಹೊಳೆ ಇಟ್ಟುಕೊಳ್ಳಲಿಲ್ಲ, ಕೆಂಚನಗುಡ್ಡದಲ್ಲಿ ತೇಲಿಸಿತು. ತೇಲಿದ ಹೆಣಕ್ಕೆ ಒಂದು ಹೆಸರು ಬೇಕಾಯಿತು. "ನೀನು ದೀಪಾವಳಿಯ ತನಕ ಆಚೆ ದಂಡೆಯಲ್ಲಿರು, ನಿನ್ನ ಹೆಂಡತಿ ಇದು ನನ್ನ ಗಂಡ ಅನ್ನಲಿ. ಆಮೇಲೆ ಬಂದುಬಿಡು, ಗುರುತು ತಪ್ಪಿತ್ತು ಅಂತ ನಾನು ಬರೆಯುತ್ತೇನೆ, ಕವಚದ ಮಾತು ಮುಗಿಯಿತು" ಎಂದನಂತೆ. ಇಲ್ಲದಿದ್ದರೆ ಗುಡಿ ಕಳ್ಳನೆಂದು ಜೈಲು. ಗಂಡ ಹೆಂಡತಿ ಹೆದರಿ ಒಪ್ಪಿದರು. ಮುದುಕಿಗೆ ಹೇಳಿದರೆ ಊರಿಗೇ ಗೊತ್ತಾಗುತ್ತದೆಂದು ಹೇಳಲಿಲ್ಲ.

"ಹತ್ತನೇ ದಿನ ಬಳಿ ಒಡೀಲಿಕ್ಕೆ ಬಂದ್ರು. ನಾನ ಒಡಕೋತೀನಿ ಅಂತ ಒಳಗ ಹೋಗಿ, ಹಳೇ ಚೂರು ತಂದು ಚೆಲ್ಲಿದೆ. ನನ್ನ ಬಳಿ ಜೋಳದ ಚೀಲದಾಗ ಅವ ಅಕ್ಕ, ಒಂದೂ ಒಡದಿಲ್ಲ" ಎಂದಳು. ಹೇಳುವಾಗ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

ಬೇವಿನ ಮರದ ಕಡೆಯಿಂದ ಹುಸೇನಪ್ಪನ ಬಿಲ್ಲಿನ ಸದ್ದು ಕೇಳುತ್ತಿತ್ತು. ಅವನ ಮಗನನ್ನು ವೆಂಕೋಬನ ಹೆಸರಿನಲ್ಲಿ ಸುಟ್ಟಿದ್ದರು.

"ಇದನ್ನ ನಮ್ಮವರಿಗೆ ಹೇಳ್ತೀನಿ ಜಾನಕಿ. ಆ ಮುದುಕನ ಮುಖ ನೋಡು. ನಿನ್ನ ಗಂಡ ಬಂದು ಚಾವಡಿಯೊಳಗ ನಿಂತ್ರ ಸಾಕು, ಅವ ಇನ್ಸ್‌ಪೆಕ್ಟರ್ ಸಿಕ್ಕಿಬೀಳ್ತಾನ. ಕವಚದ ಮಾತು ಸಣ್ಣದು, ನಮ್ಮವರು ನೋಡ್ಕೋತಾರ."

ಅವಳು ಬಹಳ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತಳು. "ಹೇಳ್ರಿ ಅಕ್ಕ. ನನಗೂ ಆ ಹೆಣದ ಕೈ ದಿನಾ ಕಣ್ಣ ಮುಂದ ಬರ್ತದ. ಆದ್ರ ಒಂದು ಮಾತು. ಅವರನ್ನ ಕರಕೊಂಡು ಬರ್ಲಿಕ್ಕೆ ಪೊಲೀಸರನ್ನ ಮಾತ್ರ ಕಳಿಸಬಾರದು. ಯಾರನ್ನ ಬೇಕಾದ್ರೂ ಕಳಿಸ್ಲಿ, ಅವರನ್ನ ಬ್ಯಾಡ. ನಿಮ್ಮ ರಾಯರಿಗೆ ಇದನ್ನ ಬಿಡಿಸಿ ಹೇಳ್ರಿ."

ಹೇಳಿದೆ. ಊಟಕ್ಕೆ ಕೂತಿದ್ದರು. ಕೇಳುತ್ತಾ ಕೇಳುತ್ತಾ ಕೈ ಎಲೆಯಲ್ಲೇ ನಿಂತಿತು. "ಭಲೇ! ನಾನು ಹದಿನೈದು ದಿನ ಚಾವಡಿಯೊಳಗ ಕೂತು ಹಿಡೀಲಿಕ್ಕೆ ಆಗದ್ದನ್ನ ನೀನು ಗೋದಲ್ಯಾಗ ಹಿಡದ್ಯಲ್ಲ!" ಎಂದು ನಕ್ಕರು. ಅವರು ನನ್ನನ್ನು ಹೊಗಳಿದ್ದು ಆಯುಷ್ಯದಲ್ಲಿ ಅದೊಂದೇ ಸಲ. ನಾನು ಉಬ್ಬಿಹೋದೆ.

"ಆದ್ರ ಕರಕೊಂಡು ಬರ್ಲಿಕ್ಕೆ ಪೊಲೀಸರು ಬ್ಯಾಡ" ಎಂದೆ. "ಅಕಿ ಕೈಮುಗದು ಹೇಳ್ಯಾಳ."

"ಮತ್ತ ಯಾರನ್ನ ಕಳಿಸ್ಲಿ? ಆಚೆ ದಂಡಿ ನಿಜಾಮರ ಸೀಮೆ. ವಾರಂಟು ಇಲ್ದ ಒಬ್ಬ ಮನುಷ್ಯನ್ನ ತರ್ಲಿಕ್ಕೆ ಬರೋದಿಲ್ಲ."

"ಹುಸೇನಪ್ಪ ಹೋಗ್ತಾನ. ಹರಿಗೋಲಿನ ಅಂಬಿಗರವ ಒಬ್ಬ ಇದ್ರ ಆತು. ಜಾನಕಿ ಗುರುತಿಗೆ ತನ್ನ ಬಳಿ ಕೊಡ್ತಾಳ, ನೋಡಿದ ಕೂಡಲೇ ಬರ್ತಾನ."

"ಫಿರ್ಯಾದಿ ಕೊಟ್ಟವನೇ ಸಾಕ್ಷಿ ಹಿಡಕೊಂಡು ಬರೋದೇನು? ನಾಳೆ ಕೋರ್ಟಿನಾಗ ಎದುರು ವಕೀಲ ನಗತಾನ."

"ಸುಟ್ಟು ಬೂದಿ ಆದ ಮನುಷ್ಯ ಎದ್ದು ಬಂದು ನಿಂತ್ರ ಯಾರ ಬಾಯಿಂದ ನಗು ಬರ್ತದರಿ? ಮೊದ್ಲು ಜೀವಂತ ಬರ್ಲಿ, ಕೋರ್ಟು ಆಮ್ಯಾಲೆ!"

ಅವರಿಗೆ ಸಿಟ್ಟು ಬಂತು. "ಇದು ಹೆಂಗಸರು ಮಾತಾಡೋ ವಿಷಯ ಅಲ್ಲ. ನಾನೂ ಕಳ್ಳದಾರಿ ಹಿಡದ್ರ ಅವನಿಗೂ ನನಗೂ ಏನು ವ್ಯತ್ಯಾಸ? ಸರಕಾರಕ್ಕ ಒಂದು ಪದ್ಧತಿ ಅದ" ಎಂದು ಎದ್ದು ಕೈತೊಳೆದರು.

ಪೂರ್ತಿ ತಿಳಿಗೇಡಿ ಎಂದೂ ಅನ್ನಲಾರೆ. ಬೇರೆ ಕಡೆಯ ಪೊಲೀಸರನ್ನು ಕಳಿಸಬೇಕೆಂದು ಬಳ್ಳಾರಿಗೆ ಬರೆದರು. ಮೇಲಿನ ಕಚೇರಿಯವರಿಗೆ ಹೊಳೆಯೂ ಕಾಣದು, ಜಾನಕಿಯೂ ಕಾಣಳು. ಈ ಭಾಗದ ಅಧಿಕಾರ ಯಾರದೋ ಅವರೇ ಮಾಡತಕ್ಕದ್ದು ಎಂದು ಹುಕುಂ ಬರೆದು ಅದೇ ಇನ್ಸ್‌ಪೆಕ್ಟರನಿಗೆ ಕಳಿಸಿದರು. ಅವನು ಆ ಹುಕುಮನ್ನು ಹಿಡಿದುಕೊಂಡು ನಮ್ಮ ಜಗಲಿಗೇ ಬಂದ. ಮುಖದಲ್ಲಿ ಅದೇ ಸೌಮ್ಯ.

"ನಮ್ಮ ಮೇಲೆಯೇ ಅನುಮಾನ ಪಟ್ಟಿರಾ ಸ್ವಾಮೀ? ಇರಲಿ, ನಿಮ್ಮ ಧರ್ಮ ನೀವು ಮಾಡಿದಿರಿ. ಆ ಹುಡುಗನನ್ನು ನಾನೇ ಭದ್ರವಾಗಿ ತರಿಸುತ್ತೇನೆ" ಎಂದ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನು ಆ ಕಡೆ ಹೋದದ್ದೇ, "ನಿಲ್ಲಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಆ ಹರಿಗೋಲು ನಿಲ್ಲಿಸ್ರಿ" ಎಂದೆ. ಮ್ಯಾಜಿಸ್ಟ್ರೇಟರು ಒಂದು ಮಾತು ಹೇಳಿದ್ದರೆ ಅಂಬಿಗರು ಹರಿಗೋಲು ಬಿಡುತ್ತಿರಲಿಲ್ಲ. ಹೊಳೆ ಹಾಗೆ ಹರಿಯುತ್ತಿತ್ತು.

"ಮೇಲಿನವರ ಹುಕುಂ ಬಂದದ. ಅದನ್ನ ಮೀರ್ಲಿಕ್ಕೆ ನಾನ್ಯಾರು?" ಎಂದರು. ಪಂಚೆ ಮೇಲೆ ಕೋಟು ಹಾಕಿಕೊಂಡು ದಂಡೆಗೆ ಹೋದರು. ಹರಿಗೋಲಿನಲ್ಲಿ ಪೇದೆಗಳು ಕೂತು ಹೋಗುವುದನ್ನು, ಪದ್ಧತಿಯ ಪ್ರಕಾರ, ನಿಂತು ನೋಡಿದರು.

ಜಾನಕಿ ಬಾವಿಯ ಕಟ್ಟೆಯಿಂದ ಆ ಹರಿಗೋಲನ್ನು ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸಂಜೆ ಪೇದೆಗಳು ಬಂದರು, ಒದ್ದೆ ಮೈಯಲ್ಲಿ, ಈಜಿ. ನಡುಹೊಳೆಯಲ್ಲಿ ಹರಿಗೋಲು ಸುಳಿಗೆ ಸಿಕ್ಕಿತಂತೆ. ಎಲ್ಲರೂ ಪಾರಾದರು. ವೆಂಕೋಬ ಒಬ್ಬ ಆಗಲಿಲ್ಲ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಮೀನಿನ ಹಾಗೆ ಈಜುತ್ತಿದ್ದನಂತೆ. ಹೆಣ ಮತ್ತೆ ಕೆಂಚನಗುಡ್ಡದಲ್ಲೇ ಸಿಕ್ಕಿತು. ಈ ಸಲ ಮುಖ ಗುರುತು ಸಿಗುವಂತಿತ್ತು. ಎರಡೂ ಮಣಿಕಟ್ಟಿನ ಸುತ್ತ ಹಗ್ಗದ ಗುರುತೂ ಇತ್ತು. ನಮ್ಮವರು ಅದನ್ನು ಕಂಡು ಸರಿಯಾಗಿಯೇ ಬರೆದು ಕಳಿಸಿದರು. ಹೊಳೆಯ ಕಲ್ಲಿಗೆ ಬಡಿದದ್ದಿರಬೇಕು ಎಂದು ಮೇಲಿನಿಂದ ಉತ್ತರ ಬಂತು. ಅಯ್ಯೋ ದೇವರೇ, ಎಷ್ಟು ಅನುಕೂಲದ ಕಲ್ಲುಗಳಪ್ಪ ಆ ಹೊಳೆಯಲ್ಲಿ!

ಮುದುಕಿ ಹೆಣದ ಮುಖ ನೋಡಿದಳು. ಅಳಲಿಲ್ಲ. ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ, "ನನ್ನ ಮಗ ಎರಡು ಸಲ ಸತ್ತನೇನ್ರೇ?" ಎಂದು ಕೇಳಿದಳು. ಆಮೇಲೆ ಜಾನಕಿಯ ಜಡೆ ಹಿಡಿದು ಎಳೆದು ಹೊಡೆದಳು. "ನಿನಗ ಗೊತ್ತಿತ್ತಲ್ಲೇ ಮುಂಡೇ! ನನ್ನ ಕಣ್ಣೀರು ನೋಡ್ಕೋತ ಕೂತ್ಯಲ್ಲೇ!" ಎಂದಳು. ಜಾನಕಿ ಹೊಡೆಸಿಕೊಂಡಳು. ನಾವು ಬಿಡಿಸಿದ ಮೇಲೆ ಎದ್ದು ಒಳಗೆ ಹೋದಳು. ಜೋಳದ ಚೀಲದಲ್ಲಿ ಕೈ ಹಾಕಿ ಬಳೆ ತೆಗೆದು, ಧೂಳು ಒರೆಸಿ, ಎರಡೂ ಕೈಗೆ ತೊಟ್ಟುಕೊಂಡು ಹೊರಗೆ ಬಂದಳು. ಎಲ್ಲರ ಮುಂದೆ ಹೊಸ್ತಿಲ ಮೇಲೆ ಕೂತು, ಅದೇ ಹೊಸ್ತಿಲಿಗೆ ಬಡಿದು ಒಡೆದುಕೊಂಡಳು. ಚೂರು ಹೊಕ್ಕು ರಕ್ತ ಬಂತು. ನಾನು ಒರೆಸಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಹತ್ತನೆಯ ದಿನ ಅವಳ ಕೂದಲೂ ಹೋಯಿತು. ಆ ಜಡೆ ಮಂಡಿಯವರೆಗೆ ಇತ್ತು.

ಹೆಣ ಸಿಕ್ಕ ವಾರವೇ ಮತ್ತೆ ಮಂಗಳವಾರ ಬಂತು. ನನ್ನ ಐದನೆಯ ವರ್ಷದ ಕ್ರಮ ಬಿಡುವಂತಿರಲಿಲ್ಲ, ದೀಪ ಹಚ್ಚಿದೆ. ಸಟ್ಟುಗ ಹಿಡಿಯಲು ಕೈ ಏಳಲಿಲ್ಲ. ಗೌರಿಯ ಮುಂದೆ ಕೂತು ಅವಳಿಗೇ ಬೈದೆ. ಅವಳಿಗಾಗಿಯೇ ತಾನೆ ಆ ಹುಡುಗಿ ಕೊಟ್ಟಿಗೆಯಲ್ಲಿ ಅಡಗಿ ಕೂತು ಪೂಜೆ ಮಾಡಿದ್ದು? ಆ ಪೂಜೆಯಿಂದಲೇ ತಾನೆ ಎಲ್ಲ ತಿಳಿದದ್ದು? ಅವತ್ತಿನಿಂದ ನಾನು ಕಾಡಿಗೆ ಹಚ್ಚಿಲ್ಲ. ಮುತ್ತೈದೆಗೆ ಶೋಭಿಸುವುದಿಲ್ಲವೆಂದು ನಮ್ಮ ಅತ್ತೆ ಎಷ್ಟು ಬೈದರೂ ಹಚ್ಚಲಿಲ್ಲ.

ಇಷ್ಟಾದರೂ ಜಾನಕಿ ಹಿಂಜರಿಯಲಿಲ್ಲ, ನೋಡು. ದಸರೆ ಕಳೆದ ಮೇಲೆ ಬಳ್ಳಾರಿಯ ಕೋರ್ಟಿಗೆ ಬಂದು, ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು, ನಡೆದದ್ದನ್ನೆಲ್ಲ ಹೇಳಿದಳು. ಸುಳ್ಳು ಗುರುತು ಹೇಳಿದ್ದಕ್ಕೆ ತನಗೇ ಶಿಕ್ಷೆಯಾಗಬಹುದೆಂದು ಗೊತ್ತಿದ್ದೂ ಹೇಳಿದಳು. ಇನ್ಸ್‌ಪೆಕ್ಟರನ ವಕೀಲ ಎದ್ದು ನಿಂತ.

"ಜ್ಯೇಷ್ಠದಲ್ಲಿ ಒಂದು ಹೆಣ ತೋರಿಸಿದರೆ ನನ್ನ ಗಂಡ ಎಂದಿರಿ. ಶ್ರಾವಣದಲ್ಲಿ ಇನ್ನೊಂದು ತೋರಿಸಿದರೆ ಅದೂ ನನ್ನ ಗಂಡ ಎಂದಿರಿ. ನಿಮಗೆ ಎಷ್ಟು ಜನ ಗಂಡಂದಿರು ತಾಯಿ?"

ಕೋರ್ಟಿನಲ್ಲಿ ಕೂತವರು ನಕ್ಕರಂತೆ. ಎದುರು ವಕೀಲ ನಗುತ್ತಾನೆ ಎಂದು ನಮ್ಮವರು ಹೆದರಿದ್ದರಲ್ಲ, ಅವನಂತೂ ನಕ್ಕೇ ನಕ್ಕ. ಎರಡು ಮಾತಾಡಿದ ಹೆಂಗಸಿನ ಸಾಕ್ಷ್ಯ ನಂಬತಕ್ಕದ್ದಲ್ಲ ಎಂದು ಕೇಸು ಬಿದ್ದುಹೋಯಿತು. ಅವಳ ಮೇಲೆ ಕೇಸು ಹಾಕದೆ ಬಿಟ್ಟದ್ದೇ ದೊಡ್ಡ ದಯೆ ಎಂದರು. ಇನ್ಸ್‌ಪೆಕ್ಟರ್ ಬಡ್ತಿಯಾಗಿ ಬೇರೆ ಜಿಲ್ಲೆಗೆ ಹೋದ.

ಜಾನಕಿಯನ್ನು ಊರಿಗೆ ಕಳಿಸುವ ಬಂಡಿ ಕೌಲ್ ಬಜಾರಿನ ಮೂಲೆಯಲ್ಲಿ ನಿಂತಿತ್ತು. ನಾನು ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ಹುಸೇನಪ್ಪನೂ ನಿಂತಿದ್ದ, ಮಗನ ಬಿಲ್ಲು ಹೆಗಲ ಮೇಲೆ.

"ನನ್ನ ಮಗನ್ನ ಎಲ್ಲಿ ಸುಟ್ರವ್ವಾ? ಜಾಗ ಹೇಳು. ಅಲ್ಲೀದು ಒಂದೀಟು ಮಣ್ಣು ಒಯ್ತೀನಿ" ಎಂದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಜಾನಕಿ ಜಾಗ ಹೇಳಿದಳು. ಆಮೇಲೆ, "ಸುಳ್ಳ ಅಳಬೇಕಂತ ಹೋಗಿದ್ದೆ, ಅಪ್ಪಾ. ಚಾಪಿ ಹೊರಗ ಕೈ ಬಂದಿತ್ತು. ಬೆರಳಿಗೆ ಉಗುರು ಇರಲಿಲ್ಲ. ಅದನ್ನ ನೋಡಿದ ಮ್ಯಾಲೆ ಖರೇನ ಅತ್ತೆ" ಎಂದಳು.

ಮುದುಕ ಬಿಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡ. "ಯಾರರ ಒಬ್ಬರು ಅತ್ರಲ್ಲ. ಆತು ಬಿಡವ್ವ" ಎಂದು ಕಣ್ಣೊರೆಸಿಕೊಂಡು ಹೋದ. ಅವನನ್ನು ನಾನು ಮತ್ತೆ ನೋಡಲಿಲ್ಲ. ಅವನು ಎಕ್ಕಿಕೊಟ್ಟ ಗಾದಿಯ ಮೇಲೆ ನನಗೆ ಮಲಗಲಾಗಲಿಲ್ಲ, ಯಾರಿಗೋ ಕೊಟ್ಟುಬಿಟ್ಟೆ.

ಬಂಡಿ ಹತ್ತುವ ಮುಂಚೆ ಜಾನಕಿ ನನ್ನನ್ನು ನೋಡಿದಳು. ಬಳೆ ಒಡೆದ ದಿನದಿಂದ ಅವಳು ನನ್ನ ಕೂಡ ಮಾತಾಡಿರಲಿಲ್ಲ.

"ಅಕ್ಕ, ನಾ ಹೇಳಿದ್ನಲ್ಲ, ಪೊಲೀಸರನ್ನ ಕಳಿಸಬಾರದು ಅಂತ. ಅದನ್ನ ರಾಯರಿಗೆ ಹೇಳಿದ್ರ್ಯಾ?"

"ಹೇಳಿದ್ದೆ ಜಾನಕಿ. ಅವತ್ತ ಹೇಳಿದ್ದೆ. ಕಾಲಿಗೂ ಬಿದ್ದೆ."

"ಅವರು ಕೇಳಿಸ್ಕೊಂಡಿದ್ರಾ?"

"ಕೇಳಿಸ್ಕೊಂಡಿದ್ರು."

ತಲೆಯಾಡಿಸಿದಳು. "ಕೋರ್ಟಿನೊಳಗ ಎಲ್ಲಾರೂ ರಾಯರು ಭಾಳ ಒಳ್ಳೇವರು ಅಂದ್ರು. ಆ ನಕ್ಕ ವಕೀಲ ಸಹಿತ ಅಂದ. ಯಾಕಕ್ಕ ಹಂಗಂತಾರ?"

ಬುತ್ತಿಯ ಗಂಟನ್ನು ಅವಳ ಮಡಿಲಲ್ಲಿ ಇಟ್ಟೆ. ಬಂಡಿ ಹೋಯಿತು. ಮನೆಗೆ ಬಂದರೆ ನಮ್ಮವರು ಸ್ನಾನ ಮಾಡಿ ಮಡಿಯುಟ್ಟು ಕೂತಿದ್ದರು. "ನನ್ನ ಕಡೆಯಿಂದ ಏನೂ ಲೋಪ ಆಗಿಲ್ಲ, ನೋಡು" ಎಂದರು. ನಾನು ಬಡಿಸಿದೆ. ಅವರು ಉಂಡರು.

ಆಮೇಲೆ ಮೂವತ್ತು ವರ್ಷ ಬಡಿಸಿದೆ. ಮಕ್ಕಳಾದರು, ಈ ಮನೆಯಾಯಿತು. ಕೆಟ್ಟ ಗಂಡನೇನಲ್ಲ, ಒಂದು ದಿನ ಕೈ ಎತ್ತಿದವರಲ್ಲ. ಹೋದ ಮಾಘದಲ್ಲಿ ತೀರಿಕೊಂಡಾಗ ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ? ವೈಕುಂಠ ಸಮಾರಾಧನೆಗೆ ಊರಿನ ದೊಡ್ಡವರೆಲ್ಲ ಬಂದಿದ್ದರು, ನೀನೇ ಓಡಾಡಿ ನೀರು ಕೊಟ್ಟೆಯಲ್ಲ. ಉದ್ದಕ್ಕೆ ಬಾಳೆ ಎಲೆ ಹಾಕಿ ಕೂತಿದ್ದರು. ನಡುವೆ ಒಬ್ಬರು, ಯಾವುದೋ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಗಟ್ಟಿಯಾಗಿ ಹೇಳಿದರು: "ಏನು ಮನುಷ್ಯರಪ್ಪ! ಒಮ್ಮೆ ಕ್ಯಾಂಪಿನೊಳಗ ಪೊಲೀಸರು ಕಳಿಸಿದ ಬಾಳೆ ಎಲೆ ಸಹ ವಾಪಸು ಕಳಿಸಿದ್ರಂತ. ಅಂಥವರು ಇನ್ನ ಹುಟ್ಟೋದಿಲ್ಲ." ಎಲ್ಲರೂ ಹೌದು ಹೌದು ಎಂದರು.

ನಾನು ಒಳಗೆ ಕತ್ತಲೆಯಲ್ಲಿ ಕೂತು ಕೇಳಿದೆ. ಜಾನಕಿ ಇದ್ದಾಳೋ ಇಲ್ಲವೋ ಗೊತ್ತಿಲ್ಲ. ಯಾಕಕ್ಕ ಹಂಗಂತಾರ ಎಂದು ಅವಳು ಕೇಳಿದ್ದಳಲ್ಲ, ಇಷ್ಟು ವರ್ಷ ಅವರ ಕೂಡ ಬಾಳಿದವಳು ನಾನು. ನನಗೂ ಗೊತ್ತಿಲ್ಲ ತಂಗಿ.